ಏರ್ ಫ್ರೈಯರ್‌ನಲ್ಲಿ ಹಂಡೆ ಒಲೆಯ ಗೆಣಸು

ಏರ್ ಫ್ರೈಯರ್ ತಂದ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯೋದು ಇಷ್ಟು. ಮೊದಲ ವಾರ ಫ್ರೆಂಚ್ ಫ್ರೈಸ್, ಎರಡನೇ ವಾರ ಪನೀರ್ ಟಿಕ್ಕಾ, ಮೂರನೇ ವಾರ ಯಾರೋ ಒಂದು ರೀಲ್ಸ್ ನೋಡಿ ಗೆಣಸು ಹಾಕ್ತಾರೆ. ಹೊರಗೆ ಬರೋದು ಸಿಪ್ಪೆ ಸುಕ್ಕಾಗಿ, ಒಳಗೆ ಹಿಟ್ಟು ಹಿಟ್ಟಾಗಿ, ನೀರು ಕುಡಿಯದೆ ಗಂಟಲಲ್ಲಿ ಇಳಿಯದ ಒಂದು ಪದಾರ್ಥ. "ಊರಲ್ಲಿ ಅಜ್ಜಿ ಹಂಡೆ ಒಲೆಗೆ ಹಾಕಿ ಕೊಡ್ತಿದ್ರಲ್ಲ, ಆ ರುಚಿ ಇದ್ರಲ್ಲಿ ಎಲ್ಲಿಂದ ಬರ್ಬೇಕು ಬಿಡು" ಅನ್ನುವ ಮಾತಿನೊಂದಿಗೆ ಗೆಣಸಿನ ಅಧ್ಯಾಯ ಮುಗಿಯುತ್ತೆ.

ಆ ರುಚಿ ಇದರಲ್ಲೂ ಬರುತ್ತೆ. ಸೌದೆ ಹೊಗೆಯ ವಾಸನೆ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಬರುತ್ತೆ: ಚಾಕು ಹಾಕಿದರೆ ಬೆಣ್ಣೆಯ ಹಾಗೆ ಸೀಳುವ ತಿರುಳು, ಸಿಪ್ಪೆಯ ಬಿರುಕಿನಲ್ಲಿ ಅಂಟಂಟಾದ ಕಂದು ಪಾಕ, ಬೆಲ್ಲ ಕಾಸಿದಂಥ ಘಮ. ಅದಕ್ಕೆ ಮಸಾಲೆ ಬೇಡ, ಎಣ್ಣೆ ಬೇಡ, ಸಕ್ಕರೆಯಂತೂ ಬೇಡವೇ ಬೇಡ. ಎಲ್ಲ ಕಡೆ ಬರೆದಿರುವ '200 ಡಿಗ್ರಿ, 20 ನಿಮಿಷ' ಅನ್ನೋ ಸೆಟ್ಟಿಂಗನ್ನು ಮರೆತರೆ ಸಾಕು. ಯಾಕೆ ಅನ್ನೋದು ಗೊತ್ತಾದರೆ ರೆಸಿಪಿಯನ್ನು ನೆನಪಿಟ್ಟುಕೊಳ್ಳುವ ಕಷ್ಟವೂ ಇಲ್ಲ, ಆದ್ದರಿಂದ ಮೊದಲು ಅದನ್ನೇ ಹೇಳ್ತೀನಿ.

ಸಿಹಿ ಹುಟ್ಟುವ ಹೊತ್ತು

ಹಸಿ ಗೆಣಸನ್ನು ಕಚ್ಚಿ ನೋಡಿ. ಸ್ವಲ್ಪ ಸಿಹಿ ಇದೆ, ಅಷ್ಟೇನಿಲ್ಲ. ಅದೇ ಗೆಣಸು ಕೆಂಡದಲ್ಲಿ ಸುಟ್ಟರೆ ಪಾಕ ಸುರಿಸುತ್ತೆ. ಆ ಸಿಹಿ ಎಲ್ಲಿಂದ ಬಂತು? ನೀರನ್ನು ಬಿಟ್ಟರೆ ಗೆಣಸಿನ ಬಹುಪಾಲು ಪಿಷ್ಟ, ಅಂದರೆ ಗಂಜಿ. ಈ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಮಾಡುವ ಬೀಟಾ ಅಮೈಲೇಸ್ ಎಂಬ ಕಿಣ್ವ ಗೆಣಸಿನೊಳಗೇ ಇದೆ. ಮೊಳಕೆ ಕಟ್ಟಿದ ರಾಗಿಯಿಂದ ಮಾಡಿದ ಮಾಲ್ಟ್ ಸಕ್ಕರೆ ಹಾಕದೆಯೂ ಕೊಂಚ ಸಿಹಿಯಾಗಿರುತ್ತಲ್ಲ, ಅಲ್ಲಿ ನಡೆಯೋದೂ ಇದೇ ಜಾತಿಯ ಕೆಲಸ.

ಆದರೆ ಈ ಕಿಣ್ವಕ್ಕೆ ಎರಡು ಷರತ್ತುಗಳಿವೆ. ಹಸಿ ಪಿಷ್ಟದ ಗಟ್ಟಿ ಕಣಗಳನ್ನು ಅದು ಹೆಚ್ಚು ಮುಟ್ಟಲಾರದು. ಗೆಣಸು ಹೆಚ್ಚೂಕಡಿಮೆ 60 ಡಿಗ್ರಿ ದಾಟಿದ ಮೇಲೆ ಆ ಕಣಗಳು ನೀರು ಹೀರಿ ಉಬ್ಬುತ್ತವೆ, ಆಗ ಕೆಲಸ ಶುರು. ಇನ್ನೊಂದು ಕಡೆ, 75–80 ಡಿಗ್ರಿ ಮುಟ್ಟಿದರೆ ಕಿಣ್ವವೇ ಕೆಟ್ಟುಹೋಗುತ್ತೆ. ಅಲ್ಲಿಂದಾಚೆಗೆ ನೀವು ಒಂದು ಗಂಟೆ ಬೇಯಿಸಿದರೂ ಹೊಸ ಮಾಲ್ಟೋಸ್ ಹುಟ್ಟಲ್ಲ. ಅಂದರೆ ಗೆಣಸಿಗೆ ಸಿಹಿಯಾಗಲು ಸಿಗೋದು 60ರಿಂದ 75ರ ಆಸುಪಾಸಿನ ಒಂದು ಸಣ್ಣ ಕಿಟಕಿ. ಅದರಲ್ಲಿ ಎಷ್ಟು ಹೊತ್ತು ಇರುತ್ತೋ ಅಷ್ಟು ಸಿಹಿ.

ಈಗ ಹಂಡೆ ಒಲೆ ನೆನಪು ಮಾಡಿಕೊಳ್ಳಿ. ಬಚ್ಚಲುಮನೆಯಲ್ಲಿ ಸ್ನಾನದ ನೀರು ಕಾದು ಉರಿ ಆರಿದ ಮೇಲೆ, ಬೂದಿಯನ್ನು ಕೆದಕಿ ಗೆಣಸು ಹೂತು ಮೇಲೆ ಮತ್ತೆ ಬೂದಿ ಮುಚ್ಚುತ್ತಿದ್ದರು. ಹಲಸಿನ ಬೀಜಕ್ಕೂ ಅದೇ ಉಪಚಾರ. ಉರಿಯುವ ಸೌದೆಯ ಮೇಲೆ ಯಾರೂ ಇಡ್ತಿರಲಿಲ್ಲ. ಬೂದಿ ಒಳ್ಳೆ ಕಂಬಳಿ ಇದ್ದ ಹಾಗೆ, ಕೆಂಡದ ಕಾವನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಒಳಕ್ಕೆ ಬಿಡುತ್ತೆ. ಗಂಟೆಗಟ್ಟಲೆ ಬಿಸಿಯಾಗುತ್ತಾ ಹೋಗುವ ಗೆಣಸು ಆ ಕಿಟಕಿಯಲ್ಲಿ ಬೇಕಾದಷ್ಟು ಹೊತ್ತು ಕಳೆಯುತ್ತೆ. ಜಪಾನಿನಲ್ಲಿ ಚಳಿಗಾಲದಲ್ಲಿ ಗಾಡಿಗಳಲ್ಲಿ ಮಾರುವ ಯಾಕಿ ಇಮೋ ಕೂಡ ಕಾದ ಬೆಣಚುಕಲ್ಲುಗಳ ನಡುವೆ ನಿಧಾನವಾಗಿ ಸುಟ್ಟ ಗೆಣಸೇ. ದೆಹಲಿಯ ಚಳಿಗಾಲದ ಶಕರಕಂದಿ ಗಾಡಿಯವರೂ ಇದ್ದಲಿನ ಸಣ್ಣ ಕಾವಿನಲ್ಲಿ ಇಟ್ಟು ಕಾಯುತ್ತಾರೆ. ಎಲ್ಲ ಕಡೆ ಜನ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ, ಕಿಣ್ವದ ಹೆಸರು ಗೊತ್ತಿಲ್ಲದೆಯೇ.

ಇದಕ್ಕೆ ತದ್ವಿರುದ್ಧ ಮೈಕ್ರೊವೇವ್. ಐದಾರು ನಿಮಿಷದಲ್ಲಿ ಬೇಯುತ್ತೆ, ಕಿಟಕಿಯನ್ನು ಕಣ್ಣು ಮಿಟುಕಿಸೋದ್ರೊಳಗೆ ದಾಟಿಬಿಡುತ್ತೆ. ಬೆಂದಿದೆ, ಮೆತ್ತಗಿದೆ, ಸಿಹಿ ಮಾತ್ರ ಇಲ್ಲ.

ಏರ್ ಫ್ರೈಯರ್ ಎಲ್ಲಿ ಬರುತ್ತೆ ಅಂದರೆ ಇವೆರಡರ ನಡುವೆ. ಹೆಸರಲ್ಲಿ ಫ್ರೈ ಇದ್ದರೂ ಅದು ಕರಿಯುವ ಯಂತ್ರ ಅಲ್ಲ. ಮೇಲೊಂದು ಹೀಟರ್, ಅದರ ಮೇಲೊಂದು ಫ್ಯಾನು, ಕೆಳಗೊಂದು ತೂತಿನ ಬುಟ್ಟಿ. ಬಿಸಿ ಗಾಳಿಯನ್ನು ಜೋರಾಗಿ ಸುತ್ತಿಸುವ ಪುಟ್ಟ ಓವನ್ ಅಷ್ಟೇ. ಫಿಲಿಪ್ಸ್ ಕಂಪನಿ 2010ರಲ್ಲಿ ಮಾರುಕಟ್ಟೆಗೆ ತಂದಾಗ ಇಟ್ಟ ಹೆಸರು ಎಲ್ಲರ ಬಾಯಲ್ಲೂ ನಿಂತುಬಿಟ್ಟಿತು. ಗಾಳಿ ಜೋರಾಗಿ ಬೀಸೋದ್ರಿಂದ ಮೇಲ್ಮೈ ಬೇಗ ಒಣಗುತ್ತೆ, ಬೇಗ ಕಂದಾಗುತ್ತೆ. ಆಲೂಗಡ್ಡೆ ಫ್ರೈಸಿಗೆ ಅದು ವರ. ಇಡೀ ಗೆಣಸನ್ನು ಮೊದಲ ನಿಮಿಷದಿಂದಲೇ 200 ಡಿಗ್ರಿಗೆ ಒಡ್ಡಿದರೆ ಸಿಪ್ಪೆ ಒಣಗಿ ಕರಕಲಾಗುವ ಹೊತ್ತಿಗೆ ಒಳಗಿನ ತಿರುಳು ಕಿಟಕಿಯನ್ನು ಓಡಿಕೊಂಡು ದಾಟಿರುತ್ತೆ.

ಅಡುಗೆಗೆ ಬಳಸುವ ಚುಚ್ಚು ಥರ್ಮಾಮೀಟರ್ ನಮ್ಮನೆಯಲ್ಲಿ ಇತ್ತು. ಒಂದೇ ಗಾತ್ರದ, ಸುಮಾರು 200 ಗ್ರಾಂ ತೂಗುವ ಗೆಣಸುಗಳನ್ನು ಆರಿಸಿ ನೋಡಿದೆ. ನೇರವಾಗಿ 200ರಲ್ಲಿ ಇಟ್ಟಾಗ ನಡುಭಾಗ 60ರಿಂದ 80ಕ್ಕೆ ಹತ್ತು ನಿಮಿಷದೊಳಗೆ ಜಿಗಿಯಿತು. 120ರಲ್ಲಿ ಇಟ್ಟಾಗ ಅದೇ ದೂರಕ್ಕೆ ಹತ್ತಿರ ಹತ್ತಿರ ಇಪ್ಪತ್ತು ನಿಮಿಷ ಹಿಡಿಯಿತು. ನಮ್ಮ ಮಷೀನು, ನಮ್ಮ ಗೆಣಸು, ನಿಮ್ಮಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಆದರೆ ಎರಡನ್ನೂ ಸುಮ್ಮನೆ ತಟ್ಟೆಯಲ್ಲಿಟ್ಟು ಮನೆಯವರ ಮುಂದೆ ಇಟ್ಟರೆ ಯಾವುದು ಯಾವುದು ಅಂತ ಯಾರೂ ಕೇಳಬೇಕಾಗಲಿಲ್ಲ, ಒಂದು ತಟ್ಟೆ ಖಾಲಿಯಾಯಿತು.

ಮಾಡೋದು ಹೀಗೆ

ಮಧ್ಯಮ ಗಾತ್ರದ ಗೆಣಸು ತಗೊಳ್ಳಿ, 150ರಿಂದ 200 ಗ್ರಾಂನದ್ದು. ಮಧ್ಯ ತೀರಾ ದಪ್ಪ, ತುದಿ ತೀರಾ ಸಣ್ಣ ಇರುವುದಕ್ಕಿಂತ ಉದ್ದಕ್ಕೂ ಒಂದೇ ಸಮ ಇರುವುದು ವಾಸಿ, ಇಲ್ಲದಿದ್ದರೆ ತುದಿ ಕಡ್ಡಿಯಾಗುವಾಗ ಮಧ್ಯ ಇನ್ನೂ ಹಸಿ ಇರುತ್ತೆ. ಮಣ್ಣು ಹೋಗುವ ಹಾಗೆ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯಬೇಡಿ, ಒಳಗಿನ ನೀರನ್ನು ಕಾಯುವುದು ಅದೇ. ಫೋರ್ಕಿನಿಂದ ನಾಲ್ಕೈದು ಕಡೆ ಚುಚ್ಚಿ. ಒರೆಸಿ ಪೂರ್ತಿ ಒಣಗಿಸಬೇಕಾಗಿಲ್ಲ, ಸ್ವಲ್ಪ ಒದ್ದೆ ಇದ್ದರೆ ಒಳ್ಳೆಯದೇ.

ಮಷೀನನ್ನು ಮೊದಲೇ ಬಿಸಿ ಮಾಡಬೇಡಿ. ತಣ್ಣಗಿನ ಬುಟ್ಟಿಯಲ್ಲೇ ಗೆಣಸು ಇಡಿ, ಒಂದರ ಮೇಲೊಂದು ಪೇರಿಸದೆ. 120 ಡಿಗ್ರಿಗೆ ಇಟ್ಟು 30 ನಿಮಿಷ ಬಿಡಿ. ಅರ್ಧದಲ್ಲಿ ಒಮ್ಮೆ ಮಗ್ಗುಲು ಬದಲಿಸಿ. ಇಷ್ಟು ಹೊತ್ತಿಗೆ ತೆಗೆದು ನೋಡಿದರೆ ಗೆಣಸು ಹೊರಗಿಂದ ಏನೂ ಆಗಿಲ್ಲದ ಹಾಗೆ ಕಾಣುತ್ತೆ, ಗಾಬರಿ ಬೇಡ. ಕೆಲಸ ಒಳಗೆ ನಡೀತಿದೆ. ಈಗ ಉಷ್ಣತೆಯನ್ನು 190–200ಕ್ಕೆ ಏರಿಸಿ 15ರಿಂದ 20 ನಿಮಿಷ. ಈ ಎರಡನೇ ಹಂತದಲ್ಲಿ ಉಳಿದ ಭಾಗ ಬೇಯುತ್ತೆ, ಸಿಪ್ಪೆ ತಿರುಳಿನಿಂದ ಬಿಟ್ಟುಕೊಳ್ಳುತ್ತೆ, ಹುಟ್ಟಿದ ಸಕ್ಕರೆ ಅಂಚಿನಲ್ಲಿ ಕಂದಾಗುತ್ತೆ. ಚುಚ್ಚಿದ ತೂತುಗಳಲ್ಲಿ ಪಾಕದ ಗುಳ್ಳೆ ಕಾಣಿಸಿತು ಅಂದರೆ ಆಯಿತು ಅಂತಲೇ ಅರ್ಥ. ಚಾಕುವಿನ ತುದಿ ಮಧ್ಯದವರೆಗೆ ತಡೆಯಿಲ್ಲದೆ ಇಳಿಯಬೇಕು. ಇಳಿಯದಿದ್ದರೆ ಇನ್ನೈದು ನಿಮಿಷ.

ತೆಗೆದ ಕೂಡಲೇ ಸೀಳಬೇಡಿ. ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಸಿಪ್ಪೆ ಮೆತ್ತಗಾಗಿ ಕಾಗದದ ಹಾಗೆ ಸುಲಿಯುತ್ತೆ. ಮೇಲೆ ಏನು ಹಾಕಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನನ್ನ ಮಟ್ಟಿಗೆ ಒಂದು ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ. ದೆಹಲಿಯವರ ಹಾಗೆ ನಿಂಬೆರಸ, ಕಾಳುಪ್ಪು, ಅಚ್ಚಖಾರದ ಪುಡಿ ಉದುರಿಸಿದರೂ ಚೆನ್ನ. ಜೇನು ಸುರಿಯುವವರನ್ನು ನೋಡಿದ್ದೀನಿ. ಇಷ್ಟೆಲ್ಲ ಕಾದು ಸಿಹಿ ಮಾಡಿದ ಮೇಲೆ ಜೇನು ಯಾಕಪ್ಪ ಅನ್ಸುತ್ತೆ.

ಒಟ್ಟು ಮುಕ್ಕಾಲು ಗಂಟೆ ಆಗುತ್ತೆ, ನಿಜ. ಆದರೆ ನೀವು ಅಲ್ಲಿ ನಿಲ್ಲಬೇಕಾಗಿಲ್ಲ. ಸಂಜೆಯ ಕಾಲ್ ಶುರುವಾಗುವ ಮುಂಚೆ ಹಾಕಿದರೆ ಮುಗಿಯುವ ಹೊತ್ತಿಗೆ ಒಂದು ಹಂತ ದಾಟಿರುತ್ತೆ. ಕರೆಂಟಿನ ಚಿಂತೆ ಇದ್ದವರಿಗೆ: 1500 ವಾಟಿನ ಮಷೀನು 50 ನಿಮಿಷ ಎಡೆಬಿಡದೆ ಉರಿದರೂ ಒಂದೂಕಾಲು ಯೂನಿಟ್. 120 ಡಿಗ್ರಿಯಲ್ಲಿ ಹೀಟರ್ ಆಗಾಗ ಆಫ್ ಆಗುತ್ತಾ ಇರೋದ್ರಿಂದ ಅಷ್ಟೂ ಆಗಲ್ಲ. ಒಂದೇ ಗೆಣಸಿಗಾಗಿ ಉರಿಸೋ ಬದಲು ಬುಟ್ಟಿ ಹಿಡಿಯುವಷ್ಟು, ನಾಲ್ಕೈದು ಒಟ್ಟಿಗೆ ಹಾಕೋದು ಜಾಣತನ.

ಆ ಗೆಣಸೇ ಬೇರೆ, ನಮ್ಮ ಗೆಣಸೇ ಬೇರೆ

ಇಂಗ್ಲಿಷ್ ರೆಸಿಪಿಗಳು ನಮ್ಮಲ್ಲಿ ಕೈಕೊಡಲು ಇನ್ನೊಂದು ಕಾರಣ ಇದೆ. ಅಮೆರಿಕದವರು 400 ಅಂತ ಬರೆದರೆ ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 200ರ ಹತ್ತಿರ. ಅದನ್ನು ಎಲ್ಲರೂ ಸರಿಮಾಡಿಕೊಳ್ತಾರೆ. ಸರಿಮಾಡಿಕೊಳ್ಳದೇ ಇರೋದು ಗೆಣಸನ್ನು. ಅವರ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಕಿತ್ತಳೆ ತಿರುಳಿನ, ನೀರಿನಂಶ ಜಾಸ್ತಿ ಇರುವ ತಳಿ. ಜೋರು ಉರಿಯನ್ನು ಅದು ತಡ್ಕೊಳ್ಳುತ್ತೆ. ನಮ್ಮ ಸಂತೆಯಲ್ಲಿ ಸಿಗೋದು ಹೊರಗೆ ಕೆಂಪು, ಒಳಗೆ ಬಿಳಿ ಅಥವಾ ಕೆನೆ ಬಣ್ಣದ್ದು. ಪಿಷ್ಟ ಹೆಚ್ಚು, ನೀರು ಕಡಿಮೆ. ಅದೇ ಜೋರು ಗಾಳಿಗೆ ಇಟ್ಟರೆ ಒಣಗಿ ಹಿಟ್ಟಾಗದೆ ಇನ್ನೇನಾಗುತ್ತೆ?

ಬಿಳಿ ಗೆಣಸನ್ನು ಕೀಳಾಗಿ ನೋಡಬೇಕಾಗಿಲ್ಲ, ಸುಟ್ಟ ರುಚಿಗೆ ನನಗೆ ಅದೇ ಹೆಚ್ಚು. ಆದರೆ 'ಗೆಣಸಿನಲ್ಲಿ ವಿಟಮಿನ್ ಎ ತುಂಬಿ ತುಳುಕುತ್ತೆ' ಅನ್ನುವ ಮಾತು ಕಿತ್ತಳೆ ಗೆಣಸಿನದ್ದು. ನಮ್ಮ ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುವ ಬೀಟಾ ಕ್ಯಾರೋಟಿನ್ ಎಂಬ ವಸ್ತುವೇ ಆ ಬಣ್ಣ. ಬಿಳಿ ತಿರುಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆಫ್ರಿಕದ ದೇಶಗಳಲ್ಲಿ ಮಕ್ಕಳ ವಿಟಮಿನ್ ಎ ಕೊರತೆ ನೀಗಿಸಲು ಕಿತ್ತಳೆ ಗೆಣಸನ್ನು ಬೆಳೆಸಿ ಜನರ ತಟ್ಟೆಗೆ ತಂದದ್ದಕ್ಕೆ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತು. ಬೆಳೆಗಳ ಪೋಷಕಾಂಶ ಹೆಚ್ಚಿಸುವ ಕೆಲಸಕ್ಕಾಗಿ ಹೋವರ್ಥ್ ಬೂಯಿಸ್ ಅವರೂ ಅದರಲ್ಲಿ ಪಾಲುದಾರರು. ನಮ್ಮಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ 'ಭೂ ಸೋನಾ' ಎಂಬ ಕಿತ್ತಳೆ ತಳಿಯನ್ನೂ 'ಭೂ ಕೃಷ್ಣ' ಎಂಬ ನೇರಳೆ ತಳಿಯನ್ನೂ ಬಿಡುಗಡೆ ಮಾಡಿದೆ. ಕಿತ್ತಳೆ ಗೆಣಸು ಸಿಕ್ಕರೆ 120ರ ಹಂತ ಅದಕ್ಕೂ ಇರಲಿ, 200ರ ಹಂತದಲ್ಲಿ ಒಂದೈದು ನಿಮಿಷ ಹೆಚ್ಚು ಕೊಟ್ಟರೂ ಒಣಗಲ್ಲ. ತಿನ್ನುವಾಗ ತುಪ್ಪ ಮರೆಯಬೇಡಿ, ಕೊಬ್ಬಿನ ಜೊತೆಗಿದ್ದರೇನೇ ಬೀಟಾ ಕ್ಯಾರೋಟಿನ್ ಮೈಗೆ ಹತ್ತೋದು.

ತಂದ ಗೆಣಸನ್ನು ಫ್ರಿಜ್ಜಿಗೆ ತುರುಕಬೇಡಿ. ಇದು ಬಿಸಿಲು ನಾಡಿನ ಗೆಡ್ಡೆ, 12 ಡಿಗ್ರಿಗಿಂತ ಕೆಳಗಿನ ಚಳಿ ಇದಕ್ಕೆ ಆಗಿ ಬರಲ್ಲ. ಫ್ರಿಜ್ಜಲ್ಲಿ ಕೆಲವು ದಿನ ಇದ್ದ ಗೆಣಸು ಎಷ್ಟು ಬೇಯಿಸಿದರೂ ಮಧ್ಯದಲ್ಲಿ ಗಟ್ಟಿ ಗಂಟು ಉಳಿಸಿಕೊಳ್ಳುತ್ತೆ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಈರುಳ್ಳಿ ಬುಟ್ಟಿಯಂಥ ಗಾಳಿಯಾಡುವ ಜಾಗದಲ್ಲಿ ಇಡಿ. ಅಗೆದ ಗೆಣಸು ಹೀಗೆ ಕೆಲವು ದಿನ ಕೂತರೆ ಇನ್ನಷ್ಟು ಸಿಹಿಯಾಗುತ್ತೆ. ಕೊಳ್ಳುವಾಗ ಸಣ್ಣ ಸಣ್ಣ ತೂತುಗಳಿದ್ದರೆ ಬಿಟ್ಟುಬಿಡಿ, ಅದು ಹುಳು ಹೊಕ್ಕ ಗೆಣಸು. ಹುಳು ತಿಂದ ಜಾಗದ ಸುತ್ತ ಗೆಡ್ಡೆ ತನ್ನ ರಕ್ಷಣೆಗೆ ತಾನೇ ಕಹಿ ವಿಷಪದಾರ್ಥ ತಯಾರಿಸಿಕೊಳ್ಳುತ್ತೆ, ಬೇಯಿಸಿದರೂ ಅದು ಹೋಗಲ್ಲ. ತಿನ್ನುವಾಗ ಕಹಿ ಸಿಕ್ಕರೆ ಇಡೀ ಗೆಣಸನ್ನು ಆಚೆಗಿಡಿ.

ಇನ್ನು ಫ್ರೈಸ್ ವಿಷಯ. ಎಲ್ಲರೂ ಕೇಳುವ ಪ್ರಶ್ನೆ ಇದೇ ಆದ್ದರಿಂದ ಹೇಳ್ತೀನಿ, ಆದರೆ ಆಲೂಗಡ್ಡೆಯ ಗರಿಗರಿಯನ್ನು ಗೆಣಸಿನಿಂದ ನಿರೀಕ್ಷಿಸಬೇಡಿ. ಸಕ್ಕರೆ ಜಾಸ್ತಿ ಇರೋದ್ರಿಂದ ಗರಿಯಾಗುವ ಮೊದಲೇ ಕಂದಾಗುತ್ತೆ. ಬೆರಳು ದಪ್ಪಕ್ಕೆ ಹೆಚ್ಚಿ ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಟ್ಟೆ ಮೇಲೆ ಹರಡಿ ಚೆನ್ನಾಗಿ ಒರೆಸಿ. 300 ಗ್ರಾಂ ತುಂಡಿಗೆ ಎರಡು ಚಿಕ್ಕ ಚಮಚ ಎಣ್ಣೆ ಸವರಿ, ಆಮೇಲೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟೋ ಕಾರ್ನ್‌ಫ್ಲೋರೋ ಉದುರಿಸಿ ಕಲಸಿ. ಮೊದಲು ಎಣ್ಣೆ, ಆಮೇಲೆ ಹಿಟ್ಟು. ಇಲ್ಲದಿದ್ದರೆ ಫ್ಯಾನಿನ ಗಾಳಿಗೆ ಹಿಟ್ಟೆಲ್ಲ ಹಾರಿ ಹೀಟರಿಗೆ ಮೆತ್ತಿಕೊಳ್ಳುತ್ತೆ. (ಕರಿಬೇವಿನ ಎಲೆಯನ್ನು ಹಾಗೇ ಹಾಕಿದವರಿಗೆ ಇದರ ಅನುಭವ ಆಗಿರುತ್ತೆ.) ಒಂದೇ ಪದರವಾಗಿ ಹರಡಿ 180ರಲ್ಲಿ 15ರಿಂದ 18 ನಿಮಿಷ, ನಡುವೆ ಒಮ್ಮೆ ಬುಟ್ಟಿ ಕುಲುಕಿಸಿ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ನೀರು ಬಿಟ್ಟು ಮೆತ್ತಗಾಗುತ್ತೆ. ಹೊಂಬಣ್ಣ ಬಂದರೆ ಸಾಕು, ಕಪ್ಪಂಚು ಬರುವವರೆಗೆ ಬಿಡಬೇಡಿ. ಪಿಷ್ಟದ ಪದಾರ್ಥವನ್ನು ಜೋರು ಶಾಖದಲ್ಲಿ ಕರಿಕಾಗಿಸಿದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚುತ್ತೆ, ಅದನ್ನು ತಡೆಯಲು ಎಣ್ಣೆ ಕಡಿಮೆ ಮಾಡಿದರೆ ಸಾಲದು. ತೆಳು ಚಿಪ್ಸನ್ನಂತೂ ನಾನು ಏರ್ ಫ್ರೈಯರ್‌ನಲ್ಲಿ ಮಾಡಲ್ಲ. ಅರ್ಧ ಕಪ್ಪು, ಅರ್ಧ ತೊಗಲು. ಚಿಪ್ಸ್ ತಿನ್ನಬೇಕು ಅನ್ಸಿದ ದಿನ ಬಾಣಲೆಯಲ್ಲಿ ಎಣ್ಣೆ ಇಟ್ಟು ಕರಿದು ತಿನ್ನೋದೇ ಮೇಲು.

ಅಪ್ಪನ ತಟ್ಟೆ

ಇಷ್ಟೆಲ್ಲ ಬರೆಯೋಕೆ ನಿಜವಾದ ಕಾರಣ ಅಮ್ಮನ ಒಂದು ಫೋನು. "ಗೆಣಸು ಶುಗರ್‌ನವ್ರಿಗೆ ಭಾಳ ಒಳ್ಳೇದಂತೆ ಕಣೋ, ವಾಟ್ಸಾಪಲ್ಲಿ ಬಂದಿತ್ತು. ನೀನು ಮಾಡ್ತೀಯಲ್ಲ ಆ ಮಷೀನಲ್ಲಿ, ಎಣ್ಣೇನೂ ಇಲ್ಲ, ಸಕ್ಕರೇನೂ ಇಲ್ಲ. ನಮ್ಗೂ ಒಂದು ತಂದ್ಕೊಡು, ನಿಮ್ಮಪ್ಪಂಗೆ ರಾತ್ರಿ ಅನ್ನದ ಬದ್ಲು ಅದ್ನೇ ಕೊಡ್ತೀನಿ." ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ಮಾತ್ರೆ ತಗೋತಾರೆ, ವಾಕಿಂಗ್ ಮಾಡ್ತಾರೆ, ಸಿಹಿ ಕಂಡರೆ ಮಗುವಿನ ಹಾಗೆ ಆಡ್ತಾರೆ.

ನಿಮ್ಮ ಮನೆಯ ಗ್ರೂಪಿಗೂ ಆ ಮೆಸೇಜ್ ಬಂದಿರುತ್ತೆ. ಅದರಲ್ಲಿ ಅರ್ಧ ನಿಜ ಇದೆ, ತೊಂದರೆ ಆಗೋದು ಅದಕ್ಕೇ. ಗೆಣಸಿನಲ್ಲಿ ನಾರು ಇದೆ, ಪೊಟ್ಯಾಸಿಯಂ ಇದೆ, ಬಿಳಿ ಬ್ರೆಡ್ಡಿಗಿಂತ ಎಷ್ಟೋ ಒಳ್ಳೆಯ ಆಹಾರ. ಆದರೆ ಮೇಲೆ ಹೇಳಿದ ಲೆಕ್ಕವನ್ನೇ ತಿರುಗಿಸಿ ನೋಡಿ. ನಿಧಾನವಾಗಿ ಸುಡುವುದು ಅಂದರೆ ಪಿಷ್ಟವನ್ನು ಬೇಕಂತಲೇ ಸಕ್ಕರೆಯನ್ನಾಗಿ ಬದಲಿಸುವುದು. ಜೊತೆಗೆ ನೀರು ಆವಿಯಾಗಿ ಗೆಣಸು ತೂಕ ಕಳೆದುಕೊಂಡಿರುತ್ತೆ, ಹಾಗಾಗಿ ಒಂದೊಂದು ತುತ್ತಿನಲ್ಲೂ ಸಕ್ಕರೆ ಒತ್ತಾಗಿರುತ್ತೆ. ನೀರಲ್ಲಿ ಬೇಯಿಸಿದ ಗೆಣಸಿನ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ರಕ್ತದಲ್ಲಿ ಸಕ್ಕರೆಯನ್ನು ಏರಿಸುವ ವೇಗದ ಅಳತೆ, ಕಡಿಮೆ ಎಂದೂ, ಓವನ್‌ನಲ್ಲಿ ಸುಟ್ಟ ಅದೇ ಗೆಣಸಿನದ್ದು ಬಹಳ ಹೆಚ್ಚು ಎಂದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಎಣ್ಣೆ ಇಲ್ಲ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ. ಹಂಡೆ ಒಲೆಯ ಗೆಣಸಿಗೆ ಯಾರಾದರೂ ಎಣ್ಣೆ ಹಾಕಿದ್ದರೇ?

ಹಾಗಾಗಿ ನಮ್ಮನೆಯ ಗೆಣಸಿಗೆ ಎರಡು ದಾರಿ. ಅಮ್ಮನಿಗೆ ಹೇಳಿದ್ದು ಇಷ್ಟು. ಅಪ್ಪನಿಗೆ ಕೊಡೋದಾದರೆ ತುಂಡು ಮಾಡಿ, ಕುದಿಯುತ್ತಿರುವ ನೀರಿಗೆ ಹಾಕಿ ಬೇಯಿಸು, ಆ ಕಿಟಕಿಯನ್ನು ಬೇಗ ದಾಟಿಸುವ ಉಪಾಯ ಅದು. ಬಸಿದು ಪೂರ್ತಿ ಆರಲು ಬಿಡು, ತಣ್ಣಗಾದಾಗ ಪಿಷ್ಟದ ಒಂದಿಷ್ಟು ಪಾಲು ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ತಿರುಗುತ್ತೆ. ಮೇಲೆ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿ ಪಲ್ಯ ಮಾಡು. ಹೆಸರುಬೇಳೆ ಕೋಸಂಬರಿಯೋ ಮೊಳಕೆಕಾಳಿನ ಉಸಲಿಯೋ ಜೊತೆಗಿರಲಿ. ಅಳತೆ ನೂರು ಗ್ರಾಂ ಮೀರದಿರಲಿ, ಅದು ಅನ್ನದ ಬದಲಿಗೆ ಇರಲಿ, ಅನ್ನದ ಜೊತೆಗೆ ಬೇಡ. ಇದರಿಂದ ಶುಗರ್ ಏರೋದೇ ಇಲ್ಲ ಅಂತಲ್ಲ. ಪಿಷ್ಟ ಬಾಯಲ್ಲಿ ಸಿಹಿ ಅನ್ನಿಸದಿದ್ದರೂ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗೇ ಆಗುತ್ತೆ. ನೂರು ಗ್ರಾಂ ಗೆಣಸಿನಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅದನ್ನು ಯಾವ ಮಷೀನೂ ಮಾಯ ಮಾಡಲ್ಲ.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಊಟವಾದ ಎರಡು ಗಂಟೆಗೆ ಒಂದು ಹನಿ ರಕ್ತ ನೋಡಿಕೊಳ್ಳೋದು ವಾಟ್ಸಾಪ್ ಮೆಸೇಜಿಗಿಂತ ನಂಬಿಕಸ್ಥ. ಎರಡು ಬೇರೆ ಬೇರೆ ದಿನ, ಉಳಿದ ಊಟ ಒಂದೇ ಥರ ಇಟ್ಟು, ಬೇಯಿಸಿದ್ದು ಮತ್ತು ಸುಟ್ಟದ್ದು ಒಂದೇ ತೂಕದಷ್ಟು ಕೊಟ್ಟು ನೋಡಿದೆವು. ಸುಟ್ಟ ದಿನದ ಸಂಖ್ಯೆಯೇ ಜಾಸ್ತಿ ಬಂತು. ಎರಡು ಓದಿನಿಂದ ಏನೂ ಸಾಬೀತಾಗಲ್ಲ ಅನ್ನೋದು ಗೊತ್ತು, ಆದರೆ ಅಮ್ಮನಿಗೆ ಅರ್ಥವಾಗಲು ಅಷ್ಟು ಸಾಕಾಯಿತು. ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ರಾತ್ರಿಯ ಅನ್ನವನ್ನೇ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ನಾವೂ ಕೇಳಿದೆವು. ಕಿಡ್ನಿಯ ತೊಂದರೆ ಇದ್ದವರಿಗೆ ಪೊಟ್ಯಾಸಿಯಂ ಲೆಕ್ಕ, ಕಲ್ಲಿನ ತೊಂದರೆ ಇದ್ದವರಿಗೆ ಆಕ್ಸಲೇಟ್ ಲೆಕ್ಕ ಬೇರೆ ಇರುತ್ತೆ.

ಅಪ್ಪನ ಪ್ರತಿಕ್ರಿಯೆ: "ಸುಟ್ಟಿದ್ದು ನಿಮ್ಗೆ, ಬೇಯ್ಸಿದ್ದು ನಂಗೆ. ಸರಿ ಬಿಡಿ." ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಸಂಕ್ರಾಂತಿ ದಿನ ಅವರಿಗೂ ಸುಟ್ಟ ಗೆಣಸು, ಒಂದು ಬಿಲ್ಲೆ, ಎಳ್ಳು ಬೆಲ್ಲ ಬೇಡ ಅನ್ನುವ ಷರತ್ತಿನ ಮೇಲೆ. ಬಿಲ್ಲೆಯ ದಪ್ಪ ಎಷ್ಟು ಅನ್ನುವುದು ಇನ್ನೂ ಚರ್ಚೆಯಲ್ಲಿದೆ.

ಹೋಳಿಗೆಗೂ ಬಂತು

ನಮ್ಮ ಹಾಸನದ ಕಡೆ ಗೆಣಸು ಅಂದರೆ ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ ಜೊತೆ ಬೇಯಿಸೋದು, ಅಲ್ಲಿಗೆ ಮುಗೀತು. ಬೆಳಗಾವಿ ಕಡೆಯವರದ್ದು ಬೇರೆ ಕಥೆ. ಅಲ್ಲಿ ಖಾನಾಪುರ ಸುತ್ತಮುತ್ತ ಗೆಣಸು ದೊಡ್ಡ ಬೆಳೆ, ಶಿವರಾತ್ರಿ ಉಪವಾಸಕ್ಕೆ ಅದು ಬೇಕೇ ಬೇಕು, ಮತ್ತೆ ಗೆಣಸಿನ ಹೋಳಿಗೆ ಇದೆ. ನಮ್ಮ ಟೀಮಿನಲ್ಲಿರುವ ಬೆಳಗಾವಿಯವರೊಬ್ಬರಿಗೆ ಡಬ್ಬಿಯಲ್ಲಿ ಸುಟ್ಟ ಗೆಣಸು ಕೊಟ್ಟೆ. ಎರಡು ತುಂಡು ತಿಂದು, "ಇದರಾಗ ಹೋಳಿಗಿ ಮಾಡಿ ನೋಡ್ರಿ, ಬೆಲ್ಲ ಅರ್ಧ ಸಾಕಾಗ್ತದ" ಅಂದರು.

ಅವರು ಹೇಳಿದ್ದು ನಿಜ, ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಗೆಣಸಿನ ಹೂರಣದ ಪಾಡು ಏನಂದರೆ ಬೇಯಿಸಿದ ಗೆಣಸು ನೀರು ಕುಡಿದಿರುತ್ತೆ. ಬೆಲ್ಲ ಸೇರಿದ ಕೂಡಲೇ ಇನ್ನಷ್ಟು ತೆಳ್ಳಗಾಗುತ್ತೆ, ಬಾಣಲೆಯಲ್ಲಿ ಅರ್ಧ ಗಂಟೆ ಮಗುಚುತ್ತಾ ನಿಲ್ಲಬೇಕು, ಆದರೂ ಲಟ್ಟಿಸುವಾಗ ಕಣಕ ಹರಿದು ಹೊರಬರುತ್ತೆ. ಏರ್ ಫ್ರೈಯರ್‌ನಲ್ಲಿ ಸುಟ್ಟ ಗೆಣಸಿನ ನೀರು ಆಗಲೇ ಹೋಗಿರುತ್ತೆ. ಸಿಪ್ಪೆ ಸುಲಿದು, ಬಿಸಿ ಇದ್ದಾಗಲೇ ಗಂಟಿಲ್ಲದಂತೆ ಕಿವುಚಿ, ನಾರು ಸಿಕ್ಕರೆ ತೆಗೆದು, ಒಂದು ಬಟ್ಟಲು ಗೆಣಸಿಗೆ ಕಾಲು ಬಟ್ಟಲು ಬೆಲ್ಲದ ಪುಡಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಐದು ನಿಮಿಷ ಮಗುಚಿದರೆ ಉಂಡೆ ಕಟ್ಟುವ ಹದಕ್ಕೆ ಬಂತು. ಕಣಕ ಎಂದಿನಂತೆ, ಬೇಯಿಸೋದು ಕಾವಲಿ ಮೇಲೆ. ಹೋಳಿಗೆಯನ್ನೂ ಏರ್ ಫ್ರೈಯರ್‌ನಲ್ಲೇ ಮಾಡಬಹುದಾ ಅಂತ ಕೇಳಬೇಡಿ, ಹಪ್ಪಳ ಆಗುತ್ತೆ.

ಗೆಣಸಿಗಾಗಿ ಯಾರೂ ಏರ್ ಫ್ರೈಯರ್ ಕೊಳ್ಳಬೇಕಾಗಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಒಂದೇ ಬರ್ನರ್ ಇರುವವರು ದಪ್ಪ ತಳದ ಬಾಣಲೆಯಲ್ಲಿ ಗೆಣಸಿಟ್ಟು, ಬಿಗಿ ಮುಚ್ಚಳ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 40–45 ನಿಮಿಷ ಬಿಡಿ, ಹತ್ತು ನಿಮಿಷಕ್ಕೊಮ್ಮೆ ಹೊರಳಿಸಿ. ನೀರು ಹಾಕಬೇಡಿ. ಕೆಳಭಾಗ ಅಲ್ಲಲ್ಲಿ ಕಪ್ಪಾಗುತ್ತೆ, ಒಳಗೆ ಹೆಚ್ಚೂಕಡಿಮೆ ಅದೇ ಸಿಹಿ. ಓಟಿಜಿ ಇದ್ದವರಿಗೆ 120, ಆಮೇಲೆ 200, ಇದೇ ಲೆಕ್ಕ. ಎರಡೂ ಹಂತಕ್ಕೆ ಹತ್ತತ್ತು ನಿಮಿಷ ಹೆಚ್ಚು.

ಕೊನೆಗೆ ತೊಳೆಯುವ ಕೆಲಸ. ಪಾಕ ಸುರಿಸಿದ ಗೆಣಸು ಬುಟ್ಟಿಯ ತಳಕ್ಕೆ ಕ್ಯಾರಮೆಲ್ ಅಂಟಿಸಿ ಹೋಗಿರುತ್ತೆ. ಸ್ಟೀಲ್ ಸ್ಕ್ರಬ್ಬರ್ ಹಾಕಿ ಉಜ್ಜಿದರೆ ಕೋಟಿಂಗ್ ಎದ್ದುಬರುತ್ತೆ. ಬುಟ್ಟಿ ಸ್ವಲ್ಪ ಆರಿದ ಮೇಲೆ ಬಿಸಿ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕಾಲು ಗಂಟೆ ನೆನೆಯಲು ಬಿಡಿ. ಅದೂ ಸಕ್ಕರೆಯೇ, ತಾನಾಗಿ ಕರಗುತ್ತೆ.